ಒಂದು ಜಪಾನೀ ಆಟದ ಯುದ್ಧನೀತಿ

ಆಟವೆಂದೊಡನೆ ವಿದ್ಯಾರ್ಥಿಗಳ ಮುಖ ಅರಳುವುದೂ ಅಧ್ಯಾಪಕರ ಹುಬ್ಬು ಗಂಟಿಕ್ಕುವುದೂ ಸಹಜ. ಅದರಲ್ಲಿಯೂ ವಿಡಿಯೋ ಆಟವೆಂದರೆ ಬರಿಯ ಕಾಲಹರಣವೆಂಬ ಅಭಿಪ್ರಾಯವು ಬಲವಾಗಿ ಬೇರೂರಿದೆ. ಈ ಮಾತು ಎಲ್ಲ ಆಟಗಳಿಗೂ ಸಲ್ಲದೆಂಬುದು ನನ್ನ ನಂಬಿಕೆ. ಅದಕ್ಕೆ ನಿದರ್ಶನವಾಗಿ, ನಾನು ಆಡಿ ಮುಗಿಸಿದ ‘ಶಿನ್ ಮೆಗಾಮಿ ಟೆನ್ಸೇ ೩: ನಾಕ್ಟರ್ನ್’ ಎಂಬ ಜಪಾನೀ ಆಟದ ಸ್ವರೂಪವನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

‘ಮೆಗಾಮಿ’ ಎಂದರೆ ದೇವಿ. ‘ಟೆನ್ಸೇ’ ಎಂದರೆ ಪುನರ್ಜನ್ಮ. ಅಯಾ ನಿಶಿತಾನಿ ಎಂಬ ಲೇಖಕರ ಕಾದಂಬರಿಯ ಆಧಾರದ ಮೇಲೆ ಅಟ್ಲಸ್ ಸಂಸ್ಥೆಯವರು ರಚಿಸಿದ ಈ ಮಾಲೆಯ ಮೊದಲನೆಯ ಆಟ ೧೯೮೭ರಲ್ಲಿ ಹೊರಬಂದಿತು. ‘ನಾಕ್ಟರ್ನ್’ ಜಪಾನಿನಲ್ಲಿ ಪ್ರಕಟವಾದದ್ದು ೨೦೦೩ರಲ್ಲಿ, ಪ್ಲೇಸ್ಟೇಷನ್ ೨ ಯಂತ್ರಕ್ಕಾಗಿ. ಅದರ ಪರಿಷ್ಕೃತ ರೂಪ ೨೦೨೦ರಲ್ಲಿ ಜಪಾನಿನಲ್ಲಿಯೂ ೨೦೨೧ರಲ್ಲಿ ಇತರ ದೇಶಗಳಲ್ಲಿಯೂ ಬಂದಿತು.

ಆಟಗಾರನು ಒಂದು ಪಾತ್ರವನ್ನು ವಹಿಸಿ, ಕಥೆಯೊಡನೆ ಆ ಪಾತ್ರವನ್ನೂ ಬೆಳೆಸುತ್ತ ಹೋಗುವುದು ಈ ಜಾತಿಯ ಆಟಗಳ ಲಕ್ಷಣ. ಇಲ್ಲಿ ನಾಯಕನು ಟೋಕಿಯೋ ನಗರದ ಒಬ್ಬ ವಿದ್ಯಾರ್ಥಿ. ಆಸ್ಪತ್ರೆಯಲ್ಲಿರುವ ತನ್ನ ಅಧ್ಯಾಪಿಕೆಯನ್ನು ನೋಡಲು ಹೋದ ದಿನವೇ ಲೋಕಕ್ಕೆ ಪ್ರಳಯವೊದಗುತ್ತದೆ. ಟೋಕಿಯೋ ಮಾತ್ರ ಉಳಿದು, ಟೊಳ್ಳು ಗೋಲದ ಒಳಮೈಯಂತೆ ಸುರುಳಿಗೊಳ್ಳುತ್ತದೆ. ನಡುವೆ ಕಾಗುತ್ಸುಚಿ ಎಂಬ ಜ್ಯೋತಿಯೊಂದು ಚಂದ್ರನಂತೆ ವೃದ್ಧಿಕ್ಷಯಗಳನ್ನು ಹೊಂದುತ್ತಿರುತ್ತದೆ. ನಾಯಕನು ಅರ್ಧ ಮನುಷ್ಯ, ಅರ್ಧ ‘ಅಕುಮಾ’ ಆಗಿ ಆ ಲೋಕದಲ್ಲಿ ಕಣ್ಣು ತೆರೆಯುತ್ತಾನೆ.

ಇನ್ನು ಯುದ್ಧದ ವಿಚಾರ. ಚದುರಂಗದಲ್ಲಿ ನನ್ನದೊಂದು ನಡೆಯಾದರೆ ಎದುರಾಳಿಯದೊಂದು ನಡೆ. ಇಲ್ಲಿ ಹಾಗಲ್ಲ. ನಾಯಕನೂ ಮೂವರು ಸಹಚರರೂ ಸೇರಿ ನಾಲ್ವರಿದ್ದರೆ ಒಂದು ಸರದಿಗೆ ನಾಲ್ಕು ಅವಕಾಶಗಳು ದೊರೆಯುತ್ತವೆ. ಸಾಧಾರಣ ಹೊಡೆತಕ್ಕೆ ಒಂದು ಅವಕಾಶ ವೆಚ್ಚವಾಗುತ್ತದೆ. ವೈರಿಯ ಮರ್ಮಕ್ಕೆ ತಾಗುವ ಹೊಡೆತಕ್ಕೆ, ಉದಾಹರಣೆಗೆ ಬೆಂಕಿಗೆ ಅಂಜುವವನ ಮೇಲೆ ಬೆಂಕಿಯನ್ನೇ ಪ್ರಯೋಗಿಸಿದರೆ, ಅರ್ಧ ಅವಕಾಶ ಮಾತ್ರ. ಹೀಗೆ ನಾಲ್ಕು ಅವಕಾಶಗಳಿಂದ ಎಂಟು ಸಲ ಹೊಡೆಯಬಹುದು. ಸರದಿಯನ್ನು ಪಕ್ಕದವನಿಗೆ ಬಿಟ್ಟುಕೊಟ್ಟರೂ ಅರ್ಧವೇ. ಆದರೆ ಹೊಡೆತ ಗುರಿ ತಪ್ಪಿದರೆ, ಇಲ್ಲವೆ ವೈರಿಗೆ ನಾಟದೆ ವ್ಯರ್ಥವಾದರೆ, ಎರಡು ಅವಕಾಶಗಳು ನಷ್ಟ. ವೈರಿಯು ಅದನ್ನು ಹೀರಿಕೊಂಡರೆ ಅಥವಾ ಹಿಂದಿರುಗಿಸಿದರೆ ಸರದಿಯೇ ಮುಗಿಯಿತು! ಈ ನಿಯಮಗಳೆಲ್ಲ ವೈರಿಗಳಿಗೂ ಸಮಾನವಾಗಿ ಅನ್ವಯಿಸುತ್ತವೆ. ನಾಯಕನೊಬ್ಬನು ಬಿದ್ದರೆ ಸಹಚರರು ಮೂವರಿದ್ದರೂ ಆಟ ಮುಗಿದಂತೆಯೇ.

ಈ ನೀತಿಯ ಪರೀಕ್ಷೆ ಬೇಗನೆ ಬರುತ್ತದೆ. ಮಟಾಡೋರ್ ಎಂಬವನು ಸ್ಪೇನಿನ ಗೂಳಿಕಾಳಗದ ವೇಷ ತೊಟ್ಟ ಅಸ್ಥಿಪಂಜರ. ಅವನು ತನ್ನ ಕೆಂಪು ವಸ್ತ್ರವನ್ನು ಬೀಸಿದೊಡನೆ ಅವನ ಚುರುಕು ಪರಮಾವಧಿಗೆ ಏರುತ್ತದೆ. ನಮ್ಮ ಹೊಡೆತಗಳು ಗುರಿ ತಪ್ಪುತ್ತವೆ. ಪ್ರತಿ ತಪ್ಪಿಗೂ ಎರಡು ಅವಕಾಶಗಳು ಹೋಗುತ್ತವೆ. ಬರಿಯ ತೋಳ್ಬಲವನ್ನು ನಂಬಿದವರು ಇವನ ಮುಂದೆ ಮತ್ತೆ ಮತ್ತೆ ಸೋಲುವುದುಂಟು. ನಾನು ಕಂಡುಕೊಂಡ ಉಪಾಯ ಎರಡು ಬಗೆಯದು. ಮೊದಲನೆಯದಾಗಿ, ಅವನ ಚುರುಕನ್ನು ಕುಗ್ಗಿಸುವ ವಿದ್ಯೆಯನ್ನು ಬಲ್ಲ ಸಹಚರನು ಜೊತೆಗಿರಬೇಕು. ಎರಡನೆಯದಾಗಿ, ಅವನ ಗಾಳಿಯ ಅಸ್ತ್ರವು ನಾಟದಂತಹವರನ್ನೇ ಪಡೆಯಲ್ಲಿ ನಿಲ್ಲಿಸಬೇಕು. ಆಗ ಅವನು ಬೀಸಿದ ಗಾಳಿ ವ್ಯರ್ಥವಾಗಿ ಅವನ ಅವಕಾಶಗಳೇ ಕರಗುತ್ತವೆ. ಕಾಳಗದ ಅರ್ಧವು ಕಾಳಗಕ್ಕೆ ಮೊದಲೇ ಮುಗಿದಿರುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂತಹ ಸಹಚರರು ದೊರೆಯುವುದೆಲ್ಲಿಂದ? ಎದುರಾದ ಅಕುಮಾಗಳೊಡನೆಯೇ ಮಾತನಾಡಿ, ಹಣವನ್ನೋ ವಸ್ತುವನ್ನೋ ಕೊಟ್ಟು ಒಲಿಸಿಕೊಳ್ಳಬಹುದು. ಇಬ್ಬರನ್ನು ಕೂಡಿಸಿ ಮೂರನೆಯವನನ್ನು ಪಡೆಯಬಹುದು. ತಂದೆತಾಯಿಗಳ ಗುಣ ಮಕ್ಕಳಿಗೆ ಬರುವಂತೆ ಅವರ ವಿದ್ಯೆಗಳು ಹೊಸಬನಿಗೆ ಇಳಿಯುತ್ತವೆ. ನೆಚ್ಚಿನ ಸಹಚರನನ್ನೂ ಕಾಲ ಬಂದಾಗ ಬಿಟ್ಟುಕೊಡದವನು ಮುಂದೆ ಸಾಗಲಾರ.

ಈ ಅಕುಮಾಗಳ ಸಾಲಿನಲ್ಲಿ ಶಿವ, ವಿಷ್ಣು, ಲಕ್ಷ್ಮಿ, ಪಾರ್ವತಿಯರನ್ನು ಕಂಡು ನಮ್ಮವರಿಗೆ ಮುಜುಗರವಾಗಬಹುದು. ಆದರೆ ಈ ಆಟದಲ್ಲಿ ಆ ಹೆಸರು ದುಷ್ಟರಿಗೆ ಮಾತ್ರ ಮೀಸಲಲ್ಲ. ನಾನಾ ದೇಶಗಳ ದೇವದೂತರೂ ಯಕ್ಷರೂ ಭೂತಗಳೂ ಅದರಲ್ಲಿ ಸೇರಿದ್ದಾರೆ. ವಿನೋದವೆಂದರೆ, ‘ಅಕುಮಾ’ ಶಬ್ದದ ‘ಮಾ’ ಅಕ್ಷರವು ಬುದ್ಧನನ್ನು ಕಾಡಿದ ನಮ್ಮ ‘ಮಾರ’ನಿಂದಲೇ ಚೀನಾದ ಮಾರ್ಗವಾಗಿ ಜಪಾನಿಗೆ ಹೋದದ್ದು. ಈ ಆಟದ ಬಿಷಾಮೊನ್ ಎಂಬ ವೀರನೂ ವೈಶ್ರವಣನೆನಿಸಿದ ನಮ್ಮ ಕುಬೇರನೇ. ಆದರೂ ಪೂಜ್ಯರನ್ನು ಆಟದ ಕಾಯಿಗಳನ್ನಾಗಿ ಮಾಡುವುದು ಸರಿಯೇ ಎಂಬ ಪ್ರಶ್ನೆಯನ್ನು ಕೇಳುವವರನ್ನು ನಾನು ಹಳಿಯಲಾರೆ. ಅದು ಅವರವರ ಭಾವಕ್ಕೆ ಬಿಟ್ಟದ್ದು.

ಕಥೆಯ ತಿರುಳು ಇನ್ನೂ ಗಹನವಾದುದು. ಹೊಸ ಲೋಕವು ಹೇಗಿರಬೇಕೆಂಬುದನ್ನು ನಿರ್ಧರಿಸಲು ಮೂರು ತತ್ತ್ವಗಳು ಹೋರಾಡುತ್ತವೆ. ವ್ಯಕ್ತಿಯು ಸಮಷ್ಟಿಯ ಮೌನದಲ್ಲಿ ಲಯವಾಗಬೇಕೆನ್ನುವುದು ಒಂದು. ಪ್ರತಿಯೊಬ್ಬನೂ ತನ್ನದೇ ಲೋಕದಲ್ಲಿ ಒಂಟಿಯಾಗಿ ಬಾಳಬೇಕೆನ್ನುವುದು ಇನ್ನೊಂದು. ಬಲಿಷ್ಠರು ಮಾತ್ರ ಉಳಿಯಬೇಕೆನ್ನುವುದು ಮತ್ತೊಂದು. ಕೊನೆಯ ಎರಡು ತತ್ತ್ವಗಳ ಮುಂದಾಳುಗಳು ನಾಯಕನ ಸಹಪಾಠಿಗಳೇ! ನಿನ್ನೆ ಒಂದೇ ತರಗತಿಯಲ್ಲಿದ್ದ ಗೆಳೆಯರು ಸಂಕಟದಲ್ಲಿ ಬೆಂದು, ಒಬ್ಬರನ್ನೊಬ್ಬರು ಸಹಿಸಲಾರದ ವಾದಿಗಳಾಗುತ್ತಾರೆ. ಯಾರ ಪಕ್ಷವನ್ನು ಹಿಡಿಯಬೇಕು, ಅಥವಾ ಮೂರನ್ನೂ ನಿರಾಕರಿಸಬೇಕೆ ಎಂಬುದನ್ನು ಆಟಗಾರನೇ ತೀರ್ಮಾನಿಸಬೇಕು. ಅದರಂತೆ ಅಂತ್ಯವೂ ಬೇರೆಯಾಗುತ್ತದೆ.

ಈ ಆಟವನ್ನು ಮುಗಿಸಲು ಹತ್ತಾರು ಗಂಟೆಗಳು ಬೇಕು. ಪರೀಕ್ಷೆ ಸಮೀಪಿಸಿದಾಗ ಇದನ್ನು ಹಿಡಿಯುವುದು ವಿವೇಕವಲ್ಲ. ಆದರೆ ರಜೆಯ ದಿನಗಳಲ್ಲಿ ಆಡುವವರು ಒಂದು ಮಾತನ್ನು ಗಮನಿಸಲಿ. ಇಲ್ಲಿನ ಕಾಠಿಣ್ಯವು ಅನ್ಯಾಯವಲ್ಲ. ಎದುರಾಳಿಯನ್ನು ಅರಿಯದೆ ಹೊಡೆದವನು ತನ್ನ ಸರದಿಯನ್ನೇ ಕಳೆದುಕೊಳ್ಳುತ್ತಾನೆ. ಅರಿತು ಹೊಡೆದವನಿಗೆ ಇನ್ನೊಂದು ಅವಕಾಶ ದೊರೆಯುತ್ತದೆ. ಯುದ್ಧದಲ್ಲಿ ಸಲ್ಲುವ ಈ ನಿಯಮವು ಗೆಳೆಯರೊಡನೆ ನಡೆಯುವ ವಾದದಲ್ಲಿಯೂ ಸಲ್ಲುತ್ತದೆಂದು ನನಗೆ ತೋರುತ್ತದೆ.