ಗಿರಣಿಯ ನೆಲವೋ, ಗದ್ದೆಯ ನೆಲವೋ?

ಬ್ಯಾಂಕಿನಲ್ಲಿ ಗೃಹಸಾಲದ ಅರ್ಜಿಗಳನ್ನು ಪರಿಶೀಲಿಸುತ್ತ ಬಂದಿರುವ ನನಗೆ ಒಂದು ಸಂಗತಿ ಸ್ಪಷ್ಟವಾಗಿದೆ. ಮನೆಯ ಬೆಲೆ, ಕೋಣೆಗಳ ಸಂಖ್ಯೆ, ರೈಲು ನಿಲ್ದಾಣದ ದೂರ ಇವೆಲ್ಲವನ್ನೂ ವಿಚಾರಿಸುವ ನಮ್ಮವರು, ಆ ಮನೆ ನಿಂತ ನೆಲ ಮೊದಲು ಏನಾಗಿತ್ತು ಎಂದು ಕೇಳುವುದು ವಿರಳ. ನಗರಯೋಜಕರಿಗಾದರೋ ಅದೇ ಮೂಲಪ್ರಶ್ನೆ. ಕಾರ್ಖಾನೆ, ಗೋದಾಮುಗಳಿಗೆ ಬಳಕೆಯಾಗಿ ಪಾಳುಬಿದ್ದ ಭೂಮಿಯನ್ನು ಅವರು ‘ಬ್ರೌನ್‌ಫೀಲ್ಡ್’ ಎಂದೂ, ಕಟ್ಟಡವನ್ನೇ ಕಾಣದ ಗದ್ದೆ-ಬಯಲುಗಳನ್ನು ‘ಗ್ರೀನ್‌ಫೀಲ್ಡ್’ ಎಂದೂ ಕರೆಯುತ್ತಾರೆ. ಮುಂಬಯಿ ಇವೆರಡರ ಫಲವನ್ನೂ ಉಂಡ ನಗರ.

ನವಿಮುಂಬಯಿ ಎರಡನೆಯ ಬಗೆಗೆ ನಿದರ್ಶನ. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಸಂಸ್ಥೆಯು 95 ಗ್ರಾಮಗಳನ್ನೊಳಗೊಂಡ ಸುಮಾರು 344 ಚದರ ಕಿಲೋಮೀಟರ್ ಪ್ರದೇಶದಲ್ಲಿ ಹೊಸ ನಗರವನ್ನು ರೂಪಿಸಿತು. ಅಗಲವಾದ ರಸ್ತೆ, ಚರಂಡಿ, ಉದ್ಯಾನಗಳನ್ನು ಮೊದಲೇ ಯೋಜಿಸಲು ಸಾಧ್ಯವಾದುದು ಬರಿನೆಲದ ಅನುಕೂಲ. ಆದರೆ ವಾಶಿಗೆ ರೈಲು ಬರಲು 1992ರವರೆಗೆ ಕಾಯಬೇಕಾಯಿತು. ಗದ್ದೆ, ಉಪ್ಪಿನಾಗರಗಳನ್ನು ಕಳೆದುಕೊಂಡ ಆಗ್ರಿ, ಕೋಳಿ ಜನರ ಹೋರಾಟದಲ್ಲಿ 1984ರ ಜನವರಿಯಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಸ್ವಾಧೀನವಾದ ಭೂಮಿಯ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ಮರಳಿಸುವ ಯೋಜನೆ ಬಂದುದು ಆ ಹೋರಾಟದ ಫಲವಾಗಿ.

ಮೊದಲನೆಯದಕ್ಕೆ ಗಿರಣಗಾಂವ್ ಸಾಕ್ಷಿ. 1982ರ ಮುಷ್ಕರದ ಬಳಿಕ ಪರೇಲ್, ಲಾಲ್‌ಬಾಗ್, ವರ್ಲಿಯ ಬಟ್ಟೆಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸುಮಾರು 600 ಎಕರೆ ನೆಲ ನಗರದ ನಡುವೆಯೇ ಉಳಿಯಿತು. ರೈಲು, ನೀರು, ಆಸ್ಪತ್ರೆ ಎಲ್ಲವೂ ಅಲ್ಲಿದ್ದವು. 1991ರ ನಿಯಮದಂತೆ ಆ ನೆಲದ ಮೂರನೆಯ ಒಂದು ಪಾಲು ಸಾರ್ವಜನಿಕ ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದುದು ಮಾಲೀಕರಿಗೆ ಸಲ್ಲಬೇಕಿತ್ತು. 2001ರ ತಿದ್ದುಪಡಿಯು ಈ ಹಂಚಿಕೆಯನ್ನು ಗಿರಣಿಯ ಒಟ್ಟು ನೆಲದ ಬದಲು ಖಾಲಿ ನೆಲಕ್ಕಷ್ಟೇ ಸೀಮಿತಗೊಳಿಸಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸಾರ್ವಜನಿಕರ ಪಾಲು ಕುಗ್ಗಿತು, ಗಗನಚುಂಬಿಗಳು ಎದ್ದವು. ರೈಲು ನಿಲ್ದಾಣಗಳು ಮಾತ್ರ ಹಳೆಯ ಅಳತೆಯಲ್ಲೇ ಉಳಿದವು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಪಾದಚಾರಿ ಸೇತುವೆಯ ಮೇಲೆ ಕಾಲ್ತುಳಿತಕ್ಕೆ ಸಿಕ್ಕಿ 23 ಜನ ಅಸುನೀಗಿದರು.

ಹಾಗೆಂದು ಹಸಿರುನೆಲವೇ ಲೇಸೆನ್ನಲಾಗದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, ಜೌಗುಭೂಮಿಯನ್ನು ತುಂಬಿ, ಮೀಠಿ ನದಿಯನ್ನು ಒತ್ತರಿಸಿ ಕಟ್ಟಿದುದರ ಬೆಲೆಯನ್ನು ನಗರ ತೆತ್ತಿತು. ಕರಾವಳಿಯ ನಮ್ಮ ಹಿರಿಯರು ಗದ್ದೆಗಳನ್ನು ಬೆಟ್ಟು, ಮಜಲು, ಬಯಲು ಎಂದು ನೀರಿನ ನಿಲುವಿಗೆ ಅನುಗುಣವಾಗಿ ವಿಂಗಡಿಸಿದ್ದರು. ನೀರು ನಿಲ್ಲುವ ಬಯಲುಗದ್ದೆ ಬೆಳೆಗೆ ಮೀಸಲು ಎಂಬ ಆ ವಿವೇಕವನ್ನು ಮಹಾನಗರ ಮರೆಯಿತು.

ಆದುದರಿಂದ ಒಮ್ಮೆ ಬಳಸಿದ ನೆಲವನ್ನೇ ಮೊದಲು ಮರುಬಳಸುವುದು ಯುಕ್ತವೆಂಬುದು ನನ್ನ ಅಭಿಪ್ರಾಯ. ಆದರೆ ಬಣ್ಣ, ಎಣ್ಣೆ, ರಾಸಾಯನಿಕಗಳು ಇಂಗಿದ ಮಣ್ಣನ್ನು ಪರೀಕ್ಷಿಸಿ ಶುದ್ಧಗೊಳಿಸಬೇಕು. ಜನಸಂಖ್ಯೆಗೆ ತಕ್ಕಂತೆ ರಸ್ತೆ, ನಿಲ್ದಾಣ ಹಿಗ್ಗಬೇಕು. ಸಾರ್ವಜನಿಕರ ಪಾಲು ಕರಗಬಾರದು.

ಮಕ್ಕಳಿಗಾಗಿ ಮನೆ ಅರಸುತ್ತಿರುವ ಬಂಧುಗಳು ಮಹಾರೇರಾ ನೋಂದಣಿಯೊಡನೆ ಸಾತ್‌ಬಾರಾ ಉತಾರೆ, ಕೃಷಿಯೇತರ ಬಳಕೆಯ ಆದೇಶಗಳನ್ನೂ ನೋಡಲಿ. ಹಳೆಯ ಕಾರ್ಖಾನೆಯ ನೆಲವಾದರೆ ಮಣ್ಣಿನ ಪರೀಕ್ಷಾ ವರದಿಯನ್ನು ಕೇಳಲಿ. ಮಳೆಗಾಲದಲ್ಲೊಮ್ಮೆ ಆ ಸ್ಥಳಕ್ಕೆ ಹೋಗಿ ಬರಲಿ. ಇಪ್ಪತ್ತು ವರ್ಷಗಳ ಕಂತು ಕಟ್ಟುವವರಿಗೆ ನೆಲದ ಪೂರ್ವಚರಿತ್ರೆಯನ್ನು ಅರಿಯುವ ಹಕ್ಕೂ ಇದೆ, ಹೊಣೆಯೂ ಇದೆ.