ಎದುರು ಕುರ್ಚಿಯಲ್ಲಿ ಕುಳಿತವರು

ಮನೆಯ ಕಿರಿಯರ ಜೊತೆ ಕುಳಿತು ಕೊರಿಯಾದ ಒಂದು ಧಾರಾವಾಹಿಯನ್ನು ನೋಡಿದೆ. ಅದು ಪ್ರೇಮದ ಕಥೆಯೂ ಹೌದು, ಸೇಡಿನ ಕಥೆಯೂ ಹೌದು. ಒಲವು ಮತ್ತು ಹಗೆ ಒಂದೇ ಕಥೆಯಲ್ಲಿ ಕೂಡುವುದೆಲ್ಲಿ ಎಂದು ಯೋಚಿಸುವಾಗ ನನ್ನ ಕಣ್ಣಮುಂದೆ ನಿಂತದ್ದು ಒಂದು ಮೇಜು, ಎರಡು ಕುರ್ಚಿ. ಒಬ್ಬರನ್ನೊಬ್ಬರು ಅರಿಯದ ಗಂಡು ಹೆಣ್ಣುಗಳಿಗೆ ಹಿರಿಯರು ಗೊತ್ತುಮಾಡಿದ ಮೊದಲ ಭೇಟಿಯ ಜಾಗ ಅದು.

ಈ ಭೇಟಿಗೆ ಕೊರಿಯನ್ನರು 'ಮತ್ಸೊನ್' ಎನ್ನುತ್ತಾರೆ. ಎದುರುಬದುರು ಕುಳಿತು ನೋಡುವುದೆಂದು ಅದರ ಭಾವ. ಗೆಳೆಯರು ಪರಿಚಯ ಮಾಡಿಸುವ ಭೇಟಿಗೆ ಬೇರೆಯೇ ಹೆಸರು, 'ಸೊಗೆತಿಂಗ್'. ಅಲ್ಲಿ ಸಲಿಗೆಯುಂಟು, ಮತ್ಸೊನ್‌ನಲ್ಲಿ ಮದುವೆಯೊಂದೇ ಗುರಿ. ಹಿಂದೆ, ಜೋಸನ್ ಅರಸರ ಕಾಲದಲ್ಲಿ, ಮದುವೆಯನ್ನು ನಿಶ್ಚಯಿಸುತ್ತಿದ್ದವರು ಹಿರಿಯರು. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು ಎಂಬ ನಾಲ್ಕನ್ನು ಹೊಂದಿಸಿ ನೋಡುತ್ತಿದ್ದರು. ಜಾತಕಕೂಟವನ್ನು ಬಲ್ಲ ನಮಗೆ ಇದು ಹೊಸತೆನಿಸದು.

ಆ ಕಾಲಕ್ಕೆ ಹೋಲಿಸಿದರೆ, ಹೋಟೆಲಿನ ಕಾಫಿ ಕೋಣೆಯಲ್ಲಿ ಇಬ್ಬರೇ ಕುಳಿತು ಮಾತನಾಡುವ ಇಂದಿನ ಪದ್ಧತಿ ದೊಡ್ಡ ಸುಧಾರಣೆಯೇ ಸರಿ. ಆದರೆ ಎದುರು ಕುರ್ಚಿಯಲ್ಲಿ ಯಾರು ಕುಳಿತಿರಬೇಕೆಂಬುದನ್ನು ಮನೆಯವರು ಮೊದಲೇ ತೀರ್ಮಾನಿಸಿರುತ್ತಾರೆ. ಒಲ್ಲೆನೆನ್ನುವ ಹಕ್ಕು ಮಕ್ಕಳದು, ಆರಿಸಿ ಮುಂದಿಡುವ ಹಕ್ಕು ಹಿರಿಯರದು.

ಕಥೆ ಹುಟ್ಟುವುದು ಈ ಬಿರುಕಿನಲ್ಲಿ. 2022ರ 'ಬಿಸಿನೆಸ್ ಪ್ರಪೋಸಲ್' ಎಂಬ ಹಾಸ್ಯ ಧಾರಾವಾಹಿಯಲ್ಲಿ ನಾಯಕಿ ತನ್ನ ಗೆಳತಿಯ ಬದಲು ಭೇಟಿಗೆ ಹೋಗುತ್ತಾಳೆ. ಗಂಡು ತಾನಾಗಿಯೇ ಬೇಡವೆನ್ನುವಂತೆ ಮಾಡುವುದು ಅವಳ ಉದ್ದೇಶ. ಎದುರಿಗಿದ್ದವನು ಅವಳ ಕಂಪನಿಯ ಯಜಮಾನನೇ ಆಗಿರುತ್ತಾನೆ. ನಾನು ನೋಡಿದ್ದು 2023ರ 'ಪರ್ಫೆಕ್ಟ್ ಮ್ಯಾರೇಜ್ ರಿವೆಂಜ್'. ಸಿರಿವಂತರ ಮನೆಯ ದತ್ತುಮಗಳು ತನ್ನವರಿಂದಲೇ ಮೋಸಹೋಗಿ ಪ್ರಾಣಕ್ಕೆರವಾಗಿ, ಒಂದು ವರ್ಷ ಹಿಂದಿನ ಕಾಲದಲ್ಲಿ ಮತ್ತೆ ಕಣ್ಣು ತೆರೆಯುತ್ತಾಳೆ. ಈ ಸಲ ಆ ಮನೆಯ ಸ್ವಂತ ಮಗಳಿಗೆಂದು ಹಿರಿಯರು ಬಯಸಿದ್ದ ವರನ ಬಳಿಗೆ ತಾನೇ ಹೋಗಿ ಕರಾರಿನ ಮದುವೆಯನ್ನು ಮುಂದಿಡುತ್ತಾಳೆ. ಹಾಸ್ಯದ ನಾಯಕಿ ಸಂಬಂಧವನ್ನು ಕೆಡಿಸಲು ಹೊರಟವಳು; ಸೇಡಿನ ನಾಯಕಿ ಸಂಬಂಧವನ್ನು ಕಸಿದುಕೊಳ್ಳಲು ಹೊರಟವಳು. ಇಬ್ಬರೂ ಕುಳಿತದ್ದು ಇನ್ನೊಬ್ಬಳಿಗೆಂದು ಇಟ್ಟ ಕುರ್ಚಿಯಲ್ಲಿ.

ಸೇಡಿಗೆ ಮದುವೆಯೇ ಏಕೆ ಆಯುಧವಾಗಬೇಕು? ಈ ಕಥೆಗಳ ಸಿರಿವಂತ ಮನೆಗಳಲ್ಲಿ ಮದುವೆಯೆಂದರೆ ಎರಡು ಉದ್ಯಮಗಳ ಒಪ್ಪಂದ. ಅದನ್ನು ತಪ್ಪಿಸಿದರೆ ಪೆಟ್ಟು ಮನೆಯ ಬುಡಕ್ಕೇ ಬೀಳುತ್ತದೆ. ಇದರ ಹಿಂದೆ ಚರಿತ್ರೆಯೂ ಇದೆ. ದಕ್ಷಿಣ ಕೊರಿಯಾದ ಕಾನೂನಿನಲ್ಲಿ ಪ್ರತಿ ಕುಟುಂಬಕ್ಕೂ ಒಬ್ಬ ಯಜಮಾನನಿರಬೇಕಿತ್ತು. ಮದುವೆಯಾದ ಹೆಣ್ಣಿನ ಹೆಸರು ತಂದೆಯ ಮನೆಯ ದಾಖಲೆಯಿಂದ ಗಂಡನ ಮನೆಯ ದಾಖಲೆಗೆ ಹೋಗುತ್ತಿತ್ತು. 'ಹೋಜು' ಎಂಬ ಈ ಪದ್ಧತಿ ಸಂವಿಧಾನಕ್ಕೆ ಹೊಂದದೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2005ರಲ್ಲಿ ಹೇಳಿತು. 2008ರ ಆರಂಭದೊಡನೆ ಅದು ಕೊನೆಗೊಂಡಿತು. ಕಾನೂನು ಹೋದರೂ ನೆನಪು ಅಷ್ಟು ಬೇಗ ಹೋಗುವುದಿಲ್ಲ. ಮನೆಯಿಂದ ಮನೆಗೆ ಸಾಗಿಸಲ್ಪಡುತ್ತಿದ್ದವಳು ತಾನೇ ಎದ್ದು ಹೊರಡುವುದನ್ನು ಕಂಡಾಗ ನೋಡುವವರ ಮನಸ್ಸು ಹಿಗ್ಗುವುದು ಸಹಜ.

ನಾನೂ ಹಿಗ್ಗಿದೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ತನ್ನನ್ನು ವಸ್ತುವಿನಂತೆ ಕಂಡರೆಂಬುದೇ ಇವಳ ದೂರು. ಈಗ ಎದುರಿಗೆ ಕುಳಿತವನನ್ನು ಇವಳು ಕಂಡದ್ದು ಹೇಗೆ? ಅವನೂ ಇವಳ ಕೈಯ ಸಾಧನವೇ ಅಲ್ಲವೇ? ಮದುವೆ ಒಂದು ವ್ಯವಹಾರವೆಂಬ ಹಿರಿಯರ ನಿಯಮವನ್ನೇ ಇವಳು ಅವರಿಗಿಂತ ಜಾಣತನದಿಂದ ಪಾಲಿಸಿದಳಷ್ಟೆ. ಸೇಡಿನ ದೊಡ್ಡ ಅಪಾಯ ಇದು. ಶತ್ರುವನ್ನು ಗೆಲ್ಲುವ ಮೊದಲೇ ಅವನ ರೀತಿಯನ್ನು ಅದು ನಮಗೆ ಕಲಿಸಿಬಿಡುತ್ತದೆ.

ಇಂಥ ಕಥೆಗೆ ಪ್ರೇಮ ಬೇಕಾಗುವುದು ಇಲ್ಲಿಯೇ. ಎದುರು ಕುರ್ಚಿಯಲ್ಲಿರುವುದು ದಾಳವಲ್ಲ, ನೋಯಬಲ್ಲ ಒಬ್ಬ ಮನುಷ್ಯ ಎಂದು ನಾಯಕಿಗೆ ಅರಿವಾಗುವ ಗಳಿಗೆಯಲ್ಲಿ ಮತ್ಸೊನ್ ಎಂಬ ಮಾತಿಗೆ ನಿಜವಾದ ಅರ್ಥ ಬರುತ್ತದೆ. ಎದುರುಬದುರು ಕೂರಿಸುವುದು ಹಿರಿಯರಿಗೆ ಸಾಧ್ಯ. ನೋಡುವುದನ್ನು ಮಾತ್ರ ಕುಳಿತವರೇ ಕಲಿಯಬೇಕು.