ಕೈ ನಡುಕ ನಿಂತಿತು, ಸುಸ್ತು?

ಪಾರ್ಕಿನ್ಸನ್ ಕಾಯಿಲೆ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ನಡುಗುವ ಕೈ. 1817ರಲ್ಲಿ ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಬರೆದ ಪುಟ್ಟ ಪುಸ್ತಕದ ಹೆಸರಲ್ಲೇ ನಡುಕ ಇತ್ತು. ಕಾಣೋದು ಅದೇ ತಾನೆ? ಸುಮ್ಮನೆ ತೊಡೆಯ ಮೇಲಿಟ್ಟ ಕೈ ತನ್ನಷ್ಟಕ್ಕೆ ಅಲುಗತೊಡಗಿದರೆ ಎದುರಿಗೆ ಕೂತವರಿಗೂ ಗೊತ್ತಾಗಿಬಿಡುತ್ತೆ. ಆದರೆ ಕಾಣದ ಇನ್ನೊಂದು ತೊಂದರೆ ಇದೆ, ಸುಸ್ತು. ಪಾರ್ಕಿನ್ಸನ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಅದು ಕಾಡುತ್ತದೆ.

ನಾವು 'ದಣಿವು' ಅಂದ್ರೆ ಅದರ ಹಿಂದೆ ಒಂದು ಕೆಲಸ ಇರುತ್ತೆ ನೋಡಿ. ಮದುವೆಮನೆಯಲ್ಲಿ ಮೂರು ಪಂಕ್ತಿ ಬಡಿಸಿದವರಿಗೆ ದಣಿವಾಗುತ್ತೆ, ಒಂದು ನಿದ್ದೆ ತೆಗೆದರೆ ಹೋಗುತ್ತೆ. ಇದು ಆ ಜಾತಿಯದಲ್ಲ. ಬೆಳಿಗ್ಗೆ ಹಲ್ಲುಜ್ಜಿ ಮುಗಿಸುವಷ್ಟರಲ್ಲೇ ದಿನದ ಶಕ್ತಿಯೆಲ್ಲ ಖರ್ಚಾದ ಹಾಗೆ. ತೂಕಡಿಕೆ ಬೇರೆ, ಖಿನ್ನತೆ ಬೇರೆ, ಇದು ಬೇರೆ. ಮೂರೂ ಒಟ್ಟಿಗೆ ಬರಲೂಬಹುದು. ಕೈ ಕಡಿಮೆ ನಡುಗಿದರೆ ಸುಸ್ತೂ ಕಡಿಮೆ ಅನ್ನೋ ಲೆಕ್ಕ ಇಲ್ಲಿ ನಡೆಯೋಲ್ಲ. ನಡುಕ, ಬಿಗಿತದ ವಿಷಯದಲ್ಲಿ ನಾವು ಕೇಳೋದು ಮೆದುಳಿನ ಡೋಪಮಿನ್ ಬಗ್ಗೆ. ಸುಸ್ತಿನಲ್ಲಿ ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕದ ಕೊರತೆಯ ಪಾಲೂ ಇದೆ ಅಂತ ಸಂಶೋಧಕರು ಗುರುತಿಸಿದ್ದಾರೆ.

ಇದನ್ನೆಲ್ಲ ನಾನು ಓದತೊಡಗಿದ್ದು ಊರಲ್ಲಿರುವ ಚಿಕ್ಕಪ್ಪನಿಗೆ ಡೀಪ್ ಬ್ರೈನ್ ಸ್ಟಿಮ್ಯುಲೇಶನ್, ಅಂದ್ರೆ ಡಿಬಿಎಸ್ ಆಪರೇಷನ್ ಆದಮೇಲೆ. ವಿಡಿಯೋ ಕಾಲ್ ಮಾಡಿದಾಗಲೆಲ್ಲ ಚಿಕ್ಕಮ್ಮ ಅವರ ಕೈಯನ್ನೇ ಕ್ಯಾಮೆರಾಕ್ಕೆ ಹಿಡಿದು "ನೋಡೋ, ಒಂಚೂರೂ ಅಲ್ಲಾಡಲ್ಲ" ಅಂತ ತೋರಿಸೋರು. ಅವರು ಆಚೆ ಹೋದಮೇಲೆ ಚಿಕ್ಕಪ್ಪ ಮೆಲ್ಲಗೆ, "ಕೈ ಚೆನ್ನಾಗಿದೆ ಕಣೋ. ಆದ್ರೆ ಹತ್ತು ಗಂಟೆಗೇ ಮತ್ತೆ ಮಲಗೋಣ ಅನ್ಸುತ್ತೆ" ಅನ್ನೋರು. ಇಷ್ಟೆಲ್ಲ ದುಡ್ಡು ಸುರಿದ ಮೇಲೂ ಸುಸ್ತು ಅಂದ್ರೆ ಮನೆಯವರಿಗೆ ಅದು ಸೋಮಾರಿತನ. ಕೊನೆಗೆ ಅವರು ಹೇಳೋದನ್ನೇ ಬಿಟ್ಟರು.

ಡಿಬಿಎಸ್ ಹುಟ್ಟಿದ್ದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. ಆಗೆಲ್ಲ ನಡುಕ ನಿಲ್ಲಿಸೋಕೆ ಮೆದುಳಿನೊಳಗಿನ ಥಲಾಮಸ್‌ನ ಚೂರು ಜಾಗವನ್ನು ಸುಡುತ್ತಿದ್ದರು. ಸುಡುವ ಮೊದಲು ಜಾಗ ಸರಿಯಿದೆಯೇ ಅಂತ ವಿದ್ಯುತ್ ಹರಿಸಿ ನೋಡುವುದು ರೂಢಿ. 1987ರಲ್ಲಿ ಹಾಗೆ ನೋಡುವಾಗ ಡಾ. ಅಲಿಮ್ ಲೂಯಿ ಬೆನಾಬಿದ್ ಅವರಿಗೆ, ಸೆಕೆಂಡಿಗೆ ನೂರರ ಆಸುಪಾಸು ಮಿಡಿದರೆ ನಡುಕ ತಾನಾಗಿ ನಿಲ್ಲುವುದು ಕಂಡಿತು. ಸುಡೋದೇ ಬೇಡ, ತಂತಿಯನ್ನು ಅಲ್ಲೇ ಬಿಟ್ಟರಾಯ್ತು! 1993ರಲ್ಲಿ ಅದೇ ತಂಡ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗಕ್ಕೆ ತಂತಿ ಇಳಿಸಿತು. ಅಮೆರಿಕದ ಎಫ್‌ಡಿಎ 1997ರಲ್ಲಿ ನಡುಕಕ್ಕೆ, 2002ರಲ್ಲಿ ಪಾರ್ಕಿನ್ಸನ್‌ನ ಉಳಿದ ಲಕ್ಷಣಗಳಿಗೂ ಒಪ್ಪಿಗೆ ಕೊಟ್ಟಿತು. ಬ್ಯಾಟರಿ ಎದೆಯ ಮೇಲ್ಭಾಗದ ಚರ್ಮದಡಿ ಇರುತ್ತೆ.

ಡಾಕ್ಟರುಗಳು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ಲೆವೊಡೋಪಾ ಮಾತ್ರೆಗೆ ಬಗ್ಗುವ ಲಕ್ಷಣಗಳು ಡಿಬಿಎಸ್‌ಗೂ ಬಗ್ಗುತ್ತವೆ, ಮಾತ್ರೆಗೆ ಬಗ್ಗದವು ಇದಕ್ಕೂ ಬಗ್ಗೋದು ಕಷ್ಟ. ನಡುಕ ಮಾತ್ರ ಇದಕ್ಕೆ ಅಪವಾದ. ಸುಸ್ತಿನ ಕತೆ ನಡುವೆಲ್ಲೋ ನಿಂತಿದೆ. ರಾತ್ರಿ ಮಗ್ಗಲು ಬದಲಿಸೋಕಾಗದೆ ಒದ್ದಾಡುತ್ತಿದ್ದವರಿಗೆ ಆಪರೇಷನ್ ನಂತರ ನಿದ್ದೆ ಸುಧಾರಿಸಿ ಸುಸ್ತೂ ಇಳಿಯಬಹುದು. ಎಷ್ಟೋ ಜನರಿಗೆ ಅದು ಇದ್ದ ಹಾಗೇ ಇರುತ್ತೆ. ಕೆಲವರಿಗೆ ಹೊಸದಾಗಿ ಶುರುವಾಗುತ್ತೆ.

ಹೊಸದಾಗಿ ಯಾಕೆ? ಒಂದು ಕಾರಣ ಮಾತ್ರೆ. ಸಬ್‌ಥಲಾಮಿಕ್ ಡಿಬಿಎಸ್ ಆದಮೇಲೆ ಮಾತ್ರೆಗಳನ್ನು ಬಹಳಷ್ಟು, ಎಷ್ಟೋ ಸಲ ಅರ್ಧಕ್ಕೆ, ಇಳಿಸುತ್ತಾರೆ. ಕೈಕಾಲಿನ ಕೆಲಸವನ್ನು ತಂತಿ ನೋಡಿಕೊಳ್ಳುತ್ತೆ. ಆದರೆ ಆ ಮಾತ್ರೆ ಮನಸ್ಸಿನ ಹುರುಪನ್ನೂ ನೋಡಿಕೊಳ್ತಿತ್ತಲ್ಲ! ಬೇಗ ಇಳಿಸಿದರೆ ನಿರಾಸಕ್ತಿ, ಮಂಕು, ಸುಸ್ತು ಮೂರೂ ಬರಬಹುದು. ಮಾತ್ರೆಯನ್ನು ಸ್ವಲ್ಪ ಏರಿಸಿ ಇದನ್ನು ಸರಿಮಾಡಲು ಸಾಧ್ಯ, ಆದರೆ ಆ ಕೆಲಸ ಡಾಕ್ಟರದೇ ಹೊರತು ನಮ್ಮದಲ್ಲ. ಬ್ಯಾಟರಿ ಮುಗಿಯುತ್ತಾ ಬಂದಿದೆಯೇ, ನಿಂತಾಗ ಬಿಪಿ ಬೀಳುತ್ತಿದೆಯೇ, ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇದೆಯೇ, ಇವನ್ನೂ ನೋಡಿಸಬೇಕು. ಇವಕ್ಕೆಲ್ಲ ಮದ್ದುಂಟು.

ಮೆದುಳಿನ ಸಂಕೇತ ನೋಡಿಕೊಂಡು ತಾನೇ ಹೆಚ್ಚುಕಮ್ಮಿ ಮಾಡಿಕೊಳ್ಳುವ ಡಿಬಿಎಸ್‌ಗೆ 2025ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ. ಅದೂ ಮುಖ್ಯವಾಗಿ ಕಿವಿಗೊಡೋದು ಕೈಕಾಲಿಗೇ. ಸುಸ್ತನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಆಪರೇಷನ್‌ಗೆ ಮುಂಚೆಯೇ ದಿನದಲ್ಲಿ ಯಾವ ಹೊತ್ತಿಗೆ, ಎಷ್ಟು ಸುಸ್ತು ಅಂತ ಬರೆದಿಟ್ಟರೆ ಆಮೇಲೆ ಹೋಲಿಸೋಕೆ ಒಂದು ಅಳತೆ ಸಿಗುತ್ತೆ.

ನಿಮ್ಮ ಮನೆಯಲ್ಲೂ ಯಾರಾದ್ರೂ ಹೀಗಿದ್ದರೆ, ಕೈ ಹೇಗಿದೆ ಅಂತ ವಿಚಾರಿಸಿದ ಮೇಲೆ ಇನ್ನೊಂದು ಮಾತು ಕೇಳಿ: ಇವತ್ತು ಎಷ್ಟು ಹೊತ್ತಿಗೆ ಸುಸ್ತಾಯ್ತು? ಅವರು ಹೇಳಿದ್ದನ್ನು ನಂಬಿ.